ದಯವಿಟ್ಟು ರೋಗಿಯ ಹೆಸರು ಹೇಳಿ

ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಎದುರು ಮನೆಯ ಚೈತ್ರಾಗೆ ಹೊಸ ಕೆಲಸ ಸಿಕ್ಕಿದೆ. ಜನ ಫೋನಿನಲ್ಲಿ ಆಡುವ ಕನ್ನಡವನ್ನು ಕಂಪ್ಯೂಟರಿಗೆ ಅರ್ಥ ಮಾಡಿಸುವ ಕೆಲಸವಂತೆ. ಮೊನ್ನೆ ಸಂಜೆ ಗೇಟಿನ ಹತ್ತಿರ ನಿಂತು, "ಆಂಟಿ, ನೀವು ಇದೇ ಕೆಲಸದಲ್ಲಿ ಇದ್ದು ರಿಟೈರ್ ಆದ್ರಂತೆ. ಇದ್ರಲ್ಲಿ ನಾವು ಕಲಿಯೋದು ಏನಿದೆ? ಎಲ್ಲಾ ಅದೇ ಮಾಡ್ಕೊಳ್ಳುತ್ತಲ್ವಾ?" ಎಂದು ಕೇಳಿದಳು. "ಮಾಡ್ಕೊಳ್ಳುತ್ತಮ್ಮ" ಎಂದು ಹೇಳಿ ಒಳಗೆ ಬಂದೆ. ಒಲೆಯ ಮೇಲೆ ಹಾಲಿತ್ತು. ಹಾಲು ಇಳಿಸಿದ ಮೇಲೆ ಯೋಚಿಸಿದರೆ, ಅವಳಿಗೆ ಕೊಟ್ಟ ಉತ್ತರ ಸುಳ್ಳಲ್ಲದಿದ್ದರೂ ಪೂರ್ತಿಯಲ್ಲ ಎನಿಸಿತು. ಪೂರ್ತಿ ಉತ್ತರ ಇದು. ಕಿವಿಯಾರೆ ಕೇಳಿದ್ದನ್ನು ಮಾತ್ರ ಬರೆಯುತ್ತೇನೆ. ನನ್ನ ಕೆಲಸವೇ ಕೇಳುವುದಾಗಿತ್ತು.

ರಾಜಾಜಿನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಟೆಲಿಫೋನ್ ಬೋರ್ಡಿನ ಮುಂದೆ ಕೂರುತ್ತಿದ್ದೆ. ಹೊರಗಿನಿಂದ ಬಂದ ಕರೆ ಎತ್ತಿ, ಏನು ಬೇಕೆಂದು ತಿಳಿದು, ಸಂಬಂಧಪಟ್ಟವರಿಗೆ ದಾಟಿಸುವುದು. ಹೊರಗಿನಿಂದ ನೋಡಿದವರಿಗೆ ಇದು ಬೆರಳಿನ ಕೆಲಸ. ಆದರೆ ಏನು ಬೇಕೆಂದು ಯಾರೂ ನೇರವಾಗಿ ಹೇಳುವುದಿಲ್ಲ. "ಮೇಡಂ, ನಿನ್ನೆ ರಾತ್ರಿ ನಮ್ಮತ್ತೆ ಉಪ್ಪಿಟ್ಟು ತಿಂದ್ರು" ಎಂದು ಶುರುವಾದ ಕರೆ ಸ್ಕ್ಯಾನಿಂಗ್ ವಿಭಾಗಕ್ಕೆ ಹೋಗಬೇಕೋ ಬಿಲ್ಲಿಂಗಿಗೆ ಹೋಗಬೇಕೋ ಗೊತ್ತಾಗಲು ಉಪ್ಪಿಟ್ಟಿನಿಂದ ಅತ್ತೆಯ ಮಂಡಿಯವರೆಗೆ ತಾಳ್ಮೆಯಿಂದ ನಡೆಯಬೇಕು.

ಮೊದಲು ಬಂದದ್ದು ಗುಂಡಿ ಒತ್ತುವ ಯಂತ್ರ. ಕನ್ನಡಕ್ಕೆ ಒಂದನ್ನು ಒತ್ತಿ, ಹೊರರೋಗಿ ವಿಭಾಗಕ್ಕೆ ಎರಡನ್ನು ಒತ್ತಿ. ಆ ಧ್ವನಿ ಯಾರದೋ ಹೆಂಗಸಿನದು, ತುಂಬ ಮರ್ಯಾದಸ್ಥ ಧ್ವನಿ. ಸುಂಕದಕಟ್ಟೆಯಿಂದ ಕರೆ ಮಾಡುತ್ತಿದ್ದ ಒಬ್ಬ ಹಿರಿಯರು ಗುಂಡಿ ಒತ್ತುತ್ತಿರಲಿಲ್ಲ. ಅವಳ ಮಾತು ಮುಗಿಯುವವರೆಗೆ ಕಾದು, "ಎರಡು ಕಣಮ್ಮ" ಎನ್ನುತ್ತಿದ್ದರು. ಅವಳು ಮತ್ತೆ ಮೊದಲಿನಿಂದ ಹೇಳುತ್ತಿದ್ದಳು. ಇವರು ಮತ್ತೆ ಕಾದು, "ಎರಡು ಅಂದ್ನಲ್ಲಮ್ಮ" ಎನ್ನುತ್ತಿದ್ದರು. ಕೊನೆಗೆ ನನ್ನ ಬೋರ್ಡಿಗೆ ಬಿದ್ದಾಗ ದೂರು ಹೇಳಿದರು: "ನಿಮ್ಮ ಜೊತೆ ಇರೋ ಆ ಮಗು ಒಳ್ಳೇದು, ಆದ್ರೆ ಕಿವಿ ಕೇಳಲ್ಲ. ನಿಮ್ಮಲ್ಲೇ ಕಿವಿ ಡಾಕ್ಟ್ರಿದಾರಲ್ಲ, ತೋರಿಸಬಾರ್ದಾ?"

ಆಮೇಲೆ ಕಿವಿ ಬಂತು. ಮಾತು ಕೇಳಿ ಅದರಲ್ಲಿ ತನಗೆ ಗೊತ್ತಿರುವ ಪದಗಳನ್ನು ಹುಡುಕುವ ಯಂತ್ರ. "ಮಂಡಿ" ಎಂದರೆ ಮೂಳೆ ವಿಭಾಗ, "ಹೃದಯ" ಎಂದರೆ ಹೃದಯ ವಿಭಾಗ. ಪದ ಸಿಕ್ಕಿದ ತಕ್ಷಣ ಅದಕ್ಕೆ ಸಮಾಧಾನ, ಉಳಿದ ಮಾತು ಅದಕ್ಕೆ ಬೇಕಿಲ್ಲ. ವಿಜಯನಗರದ ಒಬ್ಬರು ಬಹಳ ಸ್ಪಷ್ಟವಾಗಿ, "ಹೃದಯದ ಡಾಕ್ಟರ್ ಬೇಡ, ಹೋದ ಸಲ ತೋರ್ಸಿದೀನಿ, ಈಗ ಮಂಡಿ ಡಾಕ್ಟರ್ ಬೇಕು" ಎಂದು ಹೇಳಿದರು. ಯಂತ್ರಕ್ಕೆ ಮೊದಲು ಸಿಕ್ಕಿದ್ದು ಹೃದಯ. "ಬೇಡ" ಎಂಬುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಅವರು ಬಂದು ಚೀಟಿ ತೋರಿಸಿದ ಕಡೆ ಕೂತರು, ಅಂಗಿ ಬಿಚ್ಚಿ ಎಂದಾಗ ಬಿಚ್ಚಿದರು, ಇ.ಸಿ.ಜಿ. ಕೂಡ ಆಯಿತು. ಹೃದಯ ಕಲ್ಲುಗುಂಡಿನ ಹಾಗಿದೆ ಎಂದು ಕಳಿಸಿದರು. ನನ್ನ ಕೌಂಟರಿಗೆ ಕುಂಟುತ್ತಾ ಬಂದು, "ಮೇಡಂ, ಇಲ್ಲಿ ಮಂಡಿ ಪರೀಕ್ಷೆ ಎದೆಯಿಂದ್ಲೇ ಶುರು ಮಾಡ್ತಾರಾ?" ಎಂದು ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದರು.

ಈ ಯಂತ್ರವನ್ನು ತಂದವರು ನಮ್ಮ ಆಡಳಿತಾಧಿಕಾರಿ ಗುರುಪ್ರಸಾದ್ ಸಾರ್. ಅವರ ಬಗ್ಗೆ ಎರಡು ಮಾತು ಹೇಳಬೇಕು. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಎಲ್ಲಕ್ಕೂ ಒಂದು ನಿಯಮ. ನಿಯಮ ಮೀರಿದರೆ ಬೈಯುತ್ತಿರಲಿಲ್ಲ. "ಹಾಗಾದ್ರೆ ನಿಯಮ ಯಾಕೆ ಮಾಡೋದು ಸುಮಿತ್ರಮ್ಮ?" ಎಂದು ನನ್ನನ್ನೇ ಕೇಳುತ್ತಿದ್ದರು, ಉತ್ತರಕ್ಕೆ ಕಾಯುತ್ತಿದ್ದರು ಕೂಡ. ಅದು ಬೈಗುಳಕ್ಕಿಂತ ಕಷ್ಟ.

ಮಂಡಿ ಪ್ರಕರಣದ ಮೇಲೆ ಅವರು ಹೊಸ ಕಂಪನಿಯನ್ನು ಕರೆಸಿದರು. ಅಲ್ಲಿಂದ ಬಂದವಳು ನಿವೇದಿತಾ. ಗದಗ ಕಡೆಯ ಹುಡುಗಿ, ವಿಜಯನಗರದ ಪಿ.ಜಿ.ಯಲ್ಲಿ ಇದ್ದಳು. ನಮ್ಮೊಡನೆ ಇಲ್ಲಿಯ ಕನ್ನಡವನ್ನೇ ಆಡುತ್ತಿದ್ದಳು. ನನ್ನನ್ನು ಬೋರ್ಡಿನಿಂದ ಎಬ್ಬಿಸಿ ಅವಳ ಪಕ್ಕದಲ್ಲಿ ಕೂರಿಸಿದರು. ನನ್ನ ನಿಜವಾದ ಕೆಲಸ ಶುರುವಾದದ್ದು ಆಗ.

ಅವಳು ಮೊದಲ ದಿನ ಹೇಳಿಕೊಟ್ಟದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಯಂತ್ರ ಮೊದಲು ದನಿಯನ್ನು ಅಕ್ಷರ ಮಾಡುತ್ತದೆ. ಆಮೇಲೆ ಆ ಮಾತನ್ನು ಒಂದು ಬುಟ್ಟಿಗೆ ಹಾಕುತ್ತದೆ: ಡಾಕ್ಟರ ಸಮಯ ಕೇಳುವವರ ಬುಟ್ಟಿ, ರಕ್ತಪರೀಕ್ಷೆಯ ಫಲಿತಾಂಶ ಕೇಳುವವರ ಬುಟ್ಟಿ, ಮನೆಗೆ ಹೋದ ಮೇಲೆ ತೊಂದರೆಯಾದವರ ಬುಟ್ಟಿ. ಪ್ರತಿ ಬುಟ್ಟಿಗೂ ಕೆಲವು ಖಾಲಿ ಮನೆಗಳಿರುತ್ತವೆ: ಯಾರಿಗೆ, ಯಾವ ಡಾಕ್ಟರು, ಯಾವ ದಿನ. ಮಾತಿನಲ್ಲಿ ಸಿಕ್ಕಿದ್ದನ್ನು ತುಂಬಿಕೊಂಡು, ಸಿಗದಿದ್ದನ್ನು ಕೇಳಿ ತುಂಬಿಕೊಂಡು, ಆಮೇಲೆ ಉತ್ತರ ಕೊಡುತ್ತದೆ. ಈ ಸಲ ಅದಕ್ಕೆ ಪದಗಳ ಪಟ್ಟಿ ಕೊಡುವುದಿಲ್ಲ. ಒಂದೇ ವಿಷಯವನ್ನು ಜನ ಎಷ್ಟು ಬಗೆಯಲ್ಲಿ ಕೇಳುತ್ತಾರೋ ಅಷ್ಟನ್ನೂ ಉದಾಹರಣೆಯಾಗಿ ಕೊಡುತ್ತೇವೆ. ಅದರಿಂದ ಯಂತ್ರ ತಾನಾಗಿ ಹದ ಹಿಡಿಯುತ್ತದೆ.

ಉದಾಹರಣೆಗಳನ್ನು ಅವರ ಕಂಪನಿಯಲ್ಲೇ ಬರೆದು ತಂದಿದ್ದಳು. ಮೊದಲನೆಯದು ನನಗೆ ಬಾಯಿಪಾಠ ಇದೆ: "ವೈದ್ಯರು ಯಾವ ಸಮಯದಲ್ಲಿ ಲಭ್ಯವಿರುತ್ತಾರೆ?"

"ಹೀಗೆ ಯಾರು ಕೇಳ್ತಾರಮ್ಮ?" ಎಂದೆ.

"ಮತ್ತೆ ಹೇಗೆ ಕೇಳ್ತಾರೆ ಆಂಟಿ?"

"ಡಾಕ್ಟ್ರು ಬಂದ್ರಾ ಅಂತಾರೆ. ಈಗ ಹೊರಟ್ರೆ ಸಿಗ್ತಾರಾ ಅಂತಾರೆ. ಇವತ್ತು ರಶ್ ಇದ್ಯಾ ಅಂತಾರೆ. ಅದೂ ಇದೇ ಪ್ರಶ್ನೆನೇ."

ಅವಳು ನಕ್ಕು ತಾನು ತಂದದ್ದನ್ನು ಅಳಿಸಿದಳು. "ನಮ್ಮಮ್ಮನೂ ಹಂಗೇ ಕೇಳೋದು. ನಾನೇ ಮರ್ತಿದ್ದೆ" ಎಂದಳು.

ರಾಹುಕಾಲದ ವಿಷಯವೂ ಆಗಲೇ ಬಂತು. "ಡಾಕ್ಟರನ್ನು ನೋಡಲು ಎಷ್ಟು ಹೊತ್ತಿಗೆ ಬರುತ್ತೀರಿ?" ಎಂದು ಯಂತ್ರ ಕೇಳಿದರೆ ಜನ, "ರಾಹುಕಾಲ ಕಳೀಲಿ, ಬರ್ತೀವಿ" ಎನ್ನುತ್ತಿದ್ದರು. ಯಂತ್ರ ಮತ್ತೆ ಮತ್ತೆ ಗಂಟೆ ಕೇಳುತ್ತಿತ್ತು. ನಿವೇದಿತಾ ವಾರದ ಪ್ರತಿ ದಿನದ ರಾಹುಕಾಲವನ್ನು ಅದಕ್ಕೆ ತುಂಬಿಸಿದಳು. ಗುರುಪ್ರಸಾದ್ ಸಾರ್ ನೋಡಿ, "ಇದು ಆಸ್ಪತ್ರೆನಾ ಪಂಚಾಂಗನಾ?" ಎಂದರು. ಮುಂದಿನ ವಾರ ಅವರ ಹೊಸ ಕಾರು ಬರುವುದಿತ್ತು. ನನ್ನ ಕುರ್ಚಿಯ ಹಿಂದೆ ಬಂದು ನಿಂತು, ಸಣ್ಣ ದನಿಯಲ್ಲಿ, "ಶುಕ್ರವಾರದ್ದು ಅದರಲ್ಲಿ ಸರಿಯಾಗಿದೆ ತಾನೆ ಸುಮಿತ್ರಮ್ಮ?" ಎಂದು ಕೇಳಿದರು.

ಇನ್ನು ಎರಡು ನಿಯಮಗಳನ್ನು ಹೇಳಿದರೆ ಮುಂದಿನದು ಅರ್ಥವಾಗುತ್ತದೆ.

ಒಂದು ಗುರುಪ್ರಸಾದ್ ಸಾರ್ ಮಾಡಿದ್ದು. ಕರೆ ಮಾಡಿದವರು ಏನೇ ಕೇಳಲಿ, ಯಂತ್ರ ಮೊದಲು ರೋಗಿಯ ಹೆಸರು ತಿಳಿಯಬೇಕು. ಹೆಸರಿನ ಮನೆ ಖಾಲಿ ಇದ್ದರೆ ಮುಂದಕ್ಕೆ ಹೋಗುವಂತಿಲ್ಲ. ಇದಕ್ಕೆ ಕಾರಣವಿತ್ತು. ಹಿಂದೆ ಒಮ್ಮೆ ಒಬ್ಬರ ಮನೆಯವರಿಗೆ ಇನ್ನೊಬ್ಬರ ಸುದ್ದಿ ಹೋಗಿ, ಅಳಬೇಕಿಲ್ಲದ ಮನೆಯಲ್ಲಿ ಒಂದಿಡೀ ಮಧ್ಯಾಹ್ನ ಅತ್ತಿದ್ದರು. ಅಲ್ಲದೆ ಆಸ್ಪತ್ರೆಯಲ್ಲಿ ಎಲ್ಲವೂ ಹೆಸರಿನಿಂದಲೇ ಶುರು. ಚೀಟಿ, ಮಂಚ, ರಕ್ತದ ಸೀಸೆ, ಎಲ್ಲದರ ಮೇಲೂ ಮೊದಲು ಹೆಸರು. ನಮಗೆ ಅದು ಉಸಿರಾಟದಷ್ಟು ಸಹಜವಾಗಿತ್ತು.

ಇನ್ನೊಂದು ನಿವೇದಿತಾ ಮಾಡಿದ್ದು. ಯಂತ್ರವನ್ನು ಪರೀಕ್ಷೆಗೆ ಬಿಟ್ಟ ದಿನಗಳಲ್ಲಿ ನಾವಿಬ್ಬರೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನಡೆಯುತ್ತಿರುವ ಕರೆಗಳನ್ನು ಕೇಳಬೇಕು, ಆದರೆ ನಡುವೆ ಬಾಯಿ ಹಾಕಬಾರದು. ಬಾಯಿ ಹಾಕಲು ಒಂದು ಗುಂಡಿ ಇತ್ತು. ನಾನು ಬೋರ್ಡಿನ ಅಭ್ಯಾಸದಲ್ಲಿ ಪ್ರತಿ ಕರೆಗೂ ಅದನ್ನು ಒತ್ತಿ, "ಹೇಳಿಮ್ಮ" ಎಂದುಬಿಡುತ್ತಿದ್ದೆ. "ಆಂಟಿ, ನೀವೇ ಎಲ್ಲದಕ್ಕೂ ಉತ್ತರ ಕೊಟ್ರೆ ಅದಕ್ಕೆ ಏನು ಬರುತ್ತೆ ಏನು ಬರಲ್ಲ ಅಂತ ನಂಗೆ ಹೇಗೆ ಗೊತ್ತಾಗ್ಬೇಕು?" ಎಂದು ಅವಳು ವಾರ್ಡಿನಿಂದ ಪ್ಲಾಸ್ಟರ್ ತಂದು, ಗಾಯಕ್ಕೆ ಹಚ್ಚುವಂತೆ ಆ ಗುಂಡಿಯ ಮೇಲೆ ಅಡ್ಡಡ್ಡ ಅಂಟಿಸಿದ್ದಳು.

ಆ ಕರೆ ಮಧ್ಯಾಹ್ನ ಬಂತು. ಊಟದ ಡಬ್ಬಿ ಆಗಷ್ಟೇ ಮುಚ್ಚಿದ್ದೆ. ಇಲ್ಲಿಂದ ನಿಧಾನವಾಗಿ ಬರೆಯುತ್ತೇನೆ, ಕೈ ತಾನೇ ನಿಧಾನವಾಗುತ್ತದೆ.

ಹೆಂಗಸಿನ ದನಿ, ವಯಸ್ಸಾದದ್ದು, ಉತ್ತರ ಕರ್ನಾಟಕದ ಮಾತು. ಪಿಸುದನಿಯಲ್ಲಿ ಹೇಳುತ್ತಿದ್ದಳು: "ನಮಸ್ಕಾರ್ರೀ. ನಾ ಬ್ಯಾಡರಹಳ್ಳಿಯಿಂದ ಮಾತಾಡಾಕತ್ತೇನಿ. ನಮ್ಮ ಮನಿಯವ್ರನ್ನ ನಿನ್ನೆ ನಿಮ್ಮ ದವಾಖಾನಿಯಿಂದ ಕಳಿಸೀರಿ. ತೊಡಿಯಾಗ ನಳಿಗಿ ಹಾಕಿ ಹೃದಯ ನೋಡಿದ್ರೀ. ಈಗ ಆ ಕಾಲು ತಣ್ಣಗಾಗೇತಿ. ಮುಟ್ಟಿದ್ರ ಗೊತ್ತಾಗವಲ್ದು ಅಂತಾರ."

ಪರದೆಯ ಮೇಲೆ ಅಕ್ಷರಗಳು ಮೂಡಿದವು. ಒಂದೆರಡು ಪದ ಸೊಟ್ಟಗಿದ್ದರೂ ಮಾತು ಪೂರ್ತಿ ಇತ್ತು. ಬುಟ್ಟಿಯೂ ಬಂತು: "ಮನೆಗೆ ಹೋದ ನಂತರದ ತೊಂದರೆ, ತುರ್ತು." ಇದನ್ನು ನಾನು ಒತ್ತಿ ಹೇಳಬೇಕು. ಯಂತ್ರಕ್ಕೆ ಅವಳ ಮಾತು ಅರ್ಥವಾಗಿತ್ತು. ಅದು ದಡ್ಡತನ ಮಾಡಲಿಲ್ಲ. ಅರ್ಥ ಮಾಡಿಕೊಂಡು, ನಾವು ಹೇಳಿಕೊಟ್ಟಿದ್ದ ಹಾಗೆ, ಮರ್ಯಾದೆಯಿಂದ ಕೇಳಿತು: "ದಯವಿಟ್ಟು ರೋಗಿಯ ಹೆಸರು ಹೇಳಿ."

ಆ ಕಡೆಯಿಂದ, "ನಮ್ಮ ಮನಿಯವ್ರು ರೀ."

"ಕ್ಷಮಿಸಿ, ಹೆಸರು ತಿಳಿಯಲಿಲ್ಲ. ದಯವಿಟ್ಟು ರೋಗಿಯ ಹೆಸರು ಹೇಳಿ."

"ನಮ್ಮ ಸಂಗೀತಾನ ಅಪ್ಪ."

ಪರದೆಯಲ್ಲಿ ಹೆಸರಿನ ಮನೆ ತುಂಬಿತು: ಸಂಗೀತಾ. "ಸಂಗೀತಾ ಎಂಬ ಹೆಸರಿನವರು ಹೃದಯ ವಿಭಾಗದಲ್ಲಿ ದಾಖಲಾಗಿಲ್ಲ. ದಯವಿಟ್ಟು ರೋಗಿಯ ಹೆಸರು ಹೇಳಿ."

"ಅಯ್ಯ, ಅದನ್ನ ಹೆಂಗ ಹೇಳಲಿ ಯವ್ವಾ?"

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹೆಂಗಸರು ನಮ್ಮ ಕಡೆಯೂ ಇದ್ದರು. ನನ್ನ ಅಮ್ಮ ಕೊನೆಯವರೆಗೂ "ಇವ್ರು" ಎಂದೇ ಮುಗಿಸಿದಳು. ಬೋರ್ಡಿನಲ್ಲಿ ಇಂಥವರು ಎಷ್ಟೋ ಸಲ ಸಿಗುತ್ತಿದ್ದರು. ಆಗ "ಪಕ್ಕದಲ್ಲಿ ಯಾರಾದ್ರೂ ಇದ್ರೆ ಕೊಡಿಮ್ಮ" ಎನ್ನುತ್ತಿದ್ದೆವು, ಮುಗಿಯುತ್ತಿತ್ತು. ಹಾಗೆ ಮುಗಿಯುತ್ತಿದ್ದುದರಿಂದಲೇ ಅದೊಂದು ವಿಷಯವೆಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಯಂತ್ರ ಮತ್ತೊಮ್ಮೆ ಕೇಳಿ, ಮತ್ತೊಮ್ಮೆ ಕ್ಷಮೆ ಕೋರಿ, "ಮಾಹಿತಿಯೊಂದಿಗೆ ಮತ್ತೆ ಕರೆ ಮಾಡಿ, ಧನ್ಯವಾದ" ಎಂದು ಕರೆ ಮುಗಿಸಿತು. ನಾನು ನಿವೇದಿತಾಳ ಮುಖ ನೋಡಿದೆ. ಕಾಲು ತಣ್ಣಗಾಗುವುದೆಂದರೆ ಏನೆಂದು ಅಷ್ಟು ವರ್ಷ ಆಸ್ಪತ್ರೆಯಲ್ಲಿ ಕೂತ ನನಗೆ ಗೊತ್ತಿತ್ತು. ರಕ್ತ ಹೋಗುವ ದಾರಿ ಕಟ್ಟಿಕೊಂಡಿದ್ದರೆ ಕಾಯುವಂತಿಲ್ಲ. ಕಾದರೆ ಕಾಲೇ ಹೋಗಬಹುದು. "ಆ ನಂಬರ್‌ಗೆ ನಾವೇ ಮಾಡೋಣ" ಎಂದಳು ಅವಳು. ಅಷ್ಟರಲ್ಲಿ ಅದೇ ನಂಬರು ಮತ್ತೆ ಬಂತು.

ಈ ಸಲ ಯಂತ್ರ ಬಾಯಿ ತೆರೆಯುವ ಮೊದಲೇ ನಿವೇದಿತಾ ಪ್ಲಾಸ್ಟರಿನ ತುದಿಗೆ ಉಗುರು ಹಾಕಿದಳು. ಆಸ್ಪತ್ರೆಯ ಪ್ಲಾಸ್ಟರ್, ಬೇಗ ಬರುವುದಿಲ್ಲ. ಎರಡು ಸಲ ಕಿತ್ತು, ಗುಂಡಿ ಒತ್ತಿದಳು. ಮಾತು ಶುರು ಮಾಡಿದಾಗ ಅದು ನನಗೆ ಗೊತ್ತಿದ್ದ ನಿವೇದಿತಾಳ ಮಾತಾಗಿರಲಿಲ್ಲ.

"ಯವ್ವಾ, ನಾ ಮನಷ್ಯಾಳ ಮಾತಾಡಾಕತ್ತೀನಿ, ಮಿಷನ್ ಅಲ್ಲ. ಮೊದ್ಲು ಇದು ಕೇಳ್ರಿ. ಕಾಲಿನ ಬಣ್ಣ ಹೆಂಗೈತಿ?"

"ಬೆಳ್ಳಗಾಗೇತಿ ಯವ್ವಾ."

"ನಡಸಬ್ಯಾಡ್ರಿ, ತಿಕ್ಕಬ್ಯಾಡ್ರಿ, ಬಿಸಿ ನೀರ ಹಾಕಬ್ಯಾಡ್ರಿ. ಈಗಿಂದೀಗ ಇಲ್ಲಿಗೆ ಬರಬೇಕು. ಆಂಬುಲೆನ್ಸ್ ನಾವ ಕಳಸ್ತೀವಿ. ಮನಿಯಾಗ ಯಾರದಾರ?"

"ಮಗ ಪೀಣ್ಯಾಕ ಶಿಫ್ಟಿಗೆ ಹೋಗ್ಯಾನ್ರೀ. ಫೋನ್ ಎತ್ತವಲ್ಲ. ಅವ್ರು ಅಂಜತಾರಂತ ನಾ ಹೊರಗ ಬಂದು ಮಾತಾಡಾಕತ್ತೇನಿ."

ಮನೆ ಎಲ್ಲಿ ಎಂದು ಕೇಳಿ ನಾನು ಆಂಬುಲೆನ್ಸಿನವರಿಗೂ ಹೃದಯ ವಿಭಾಗಕ್ಕೂ ಹೇಳಿದೆ. ಒಳಗಿನಿಂದ ಹೃದಯ ವಿಭಾಗದ ಡಾಕ್ಟರು, "ಯಾವ ಪೇಷಂಟ್? ನಿನ್ನೆ ನಾಲ್ಕೈದು ಜನ ಹೋಗಿದಾರೆ. ಯಾವ ರಕ್ತನಾಳ, ಏನು ಔಷಧಿ ನೋಡ್ಬೇಕು, ಆಪರೇಷನ್ ಥಿಯೇಟರ್ ರೆಡಿ ಮಾಡ್ಬೇಕು. ಹೆಸರು ಬೇಕಮ್ಮ" ಎಂದರು. ನಮ್ಮ ಕಡತಗಳು ಹೆಸರಿನಿಂದ ಮಾತ್ರ ತೆರೆಯುತ್ತಿದ್ದವು, ಈಗ ಹೆಸರು ನಿಜವಾಗಿಯೂ ಬೇಕಾಗಿತ್ತು. ಗುರುಪ್ರಸಾದ್ ಸಾರ್ ಕೂಡ ಬಂದು ನಮ್ಮ ಹಿಂದೆ ನಿಂತಿದ್ದರು. ಕಿತ್ತ ಪ್ಲಾಸ್ಟರನ್ನು ನೋಡಿದರು, ಏನೂ ಕೇಳಲಿಲ್ಲ.

ನಾನು ಫೋನಿಗೆ ಬಾಗಿ, "ಅಮ್ಮಾ, ಒಳಗೆ ಹೋಗಿ ಅವರನ್ನೇ ಕೇಳಿ ಹೇಳ್ತೀರಾ?" ಎಂದೆ.

"ಅವ್ರಿಗೆ ಈಗಷ್ಟ ನಿದ್ದಿ ಹತ್ತೇತ್ರೀ. ದವಾಖಾನಿಗೆ ಫೋನ್ ಮಾಡೇನಿ ಅಂದ್ರ ಎದಿ ಒಡಕೋತಾರ."

"ಮೊಮ್ಮಕ್ಕಳು ಇದಾರಾ?"

"ಮೊಮ್ಮಗ ಸಾಲಿಗೆ ಹೋಗ್ಯಾನ್ರೀ, ಅವ್ರದ ಹೆಸರು ಇಟ್ಟೇವಿ ಅವಗ. ಅವಗೂ ನಾ ಮುತ್ಯಾ ಅಂತನ ಕರೀತೇನಿ."

ಮುತ್ಯಾ ಎಂದರೆ ಅವರ ಕಡೆ ಅಜ್ಜ, ಅಲ್ಲೂ ಹೆಸರಿಲ್ಲ. ನಿವೇದಿತಾ ಒಂದು ಗಳಿಗೆ ಕಣ್ಣು ಮುಚ್ಚಿ, ಬಹಳ ಮೆತ್ತಗೆ ಹೇಳಿದಳು: "ಯವ್ವಾ, ಒಡಪ ಹಾಕಿ ಹೇಳ್ರಿ."

ಅವರ ಕಡೆ ಮದುವೆಯಲ್ಲಿ ಹೆಂಗಸರು ಗಂಡನ ಹೆಸರು ಹೇಳಲೇಬೇಕಂತೆ. ಹಾಗೇ ಹೇಳುವಂತಿಲ್ಲ, ಎರಡು ಸಾಲಿನ ಪದ್ಯದಲ್ಲಿ ಹೆಸರು ಕೂರಿಸಿ ಹೇಳಬೇಕು. ಹಾಗೆ ಹೇಳಿದರೆ ತಪ್ಪಿಲ್ಲ. ಅದು ಒಡಪು. ನನಗೆ ಇದು ಆಮೇಲೆ ತಿಳಿಯಿತು. ಆ ಹೊತ್ತಿನಲ್ಲಿ ನಾನು ಕಂಡದ್ದು, ತುರ್ತು ಕರೆಯಲ್ಲಿ ಈ ಹುಡುಗಿ ಏನನ್ನೋ ಹಾಡಿಸಲು ಹೊರಟಿದ್ದಾಳೆ ಎಂಬುದಷ್ಟೆ.

ಆ ಕಡೆ ಉಸಿರು ಎಳೆದುಕೊಂಡದ್ದು ಕೇಳಿಸಿತು. ಪಿಸುದನಿ ಹೋಗಿ ಪೂರ್ತಿ ದನಿ ಬಂತು:

"ಬಾಗಲಿಗೆ ಚೆಂದ ಮಾವಿನ ತೋರಣ,
ಮಹಾಂತಪ್ಪನವರು ನನ್ನ ಕೊರಳಿನ ಆಭರಣ."

ಪರದೆಯ ಮೇಲೆ ಎರಡು ಸಾಲೂ ಮೂಡಿದವು. ಯಂತ್ರ ಅದರೊಳಗಿಂದ ಮಹಾಂತಪ್ಪ ಎಂಬುದೊಂದನ್ನೇ ಹೆಕ್ಕಿ ಖಾಲಿ ಮನೆಯಲ್ಲಿ ಇಟ್ಟಿತು. ಕಡತ ತಾನೇ ತೆರೆದುಕೊಂಡಿತು. ಗುರುಪ್ರಸಾದ್ ಸಾರ್ ಡಾಕ್ಟರ ಬಳಿಗೆ ಓಡಿದರು. ಅವರು ಓಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ನಾನು ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಇಡಲು ಹೋದರೆ ಅದು ಊಟದ ಡಬ್ಬಿಗೆ ತಾಗಿ ಟಕಟಕ ಎಂದಿತು.

ಕಾಲು ಉಳಿಯಿತು. ಸಂಜೆಯ ಹೊತ್ತಿಗೆ ರಕ್ತ ಹರಿಯುತ್ತಿದೆ ಎಂದು ಒಳಗಿನಿಂದ ಸುದ್ದಿ ಬಂತು. ನಿವೇದಿತಾ ಮುಖ ತೊಳೆಯಲು ಹೋದವಳು ಬಹಳ ಹೊತ್ತು ಬರಲಿಲ್ಲ.

ಮರುದಿನ ನಾವು ಮೂವರೂ ಕೂತು ಕ್ರಮ ಬದಲಿಸಿದೆವು. ಮೊದಲ ಪ್ರಶ್ನೆ ಹೆಸರಲ್ಲ, "ಏನಾಗಿದೆ ಹೇಳಿ" ಎಂಬುದು. ತುರ್ತು ಬುಟ್ಟಿಗೆ ಬಿದ್ದರೆ ಯಾವ ಮನೆ ಖಾಲಿ ಇದ್ದರೂ ಕರೆ ಮನುಷ್ಯರಿಗೆ ದಾಟಬೇಕು. "ನಮ್ಮ ಮನೆಯವರು", "ಇವರ ತಂದೆ" ಎಂಬುದೂ ಒಂದು ಉತ್ತರ, ಯಂತ್ರ ಅದನ್ನು ತಪ್ಪೆಂದು ತಳ್ಳುವಂತಿಲ್ಲ. ಊರು, ಹೋದ ದಿನ, ಡಾಕ್ಟರು ಇವುಗಳಿಂದ ಹುಡುಕಬೇಕು. ಗುರುಪ್ರಸಾದ್ ಸಾರ್ ಎಲ್ಲಕ್ಕೂ ತಲೆಯಾಡಿಸಿ, ಕೊನೆಗೆ ತಮಗೆ ತಾವೇ ಕೇಳಿಕೊಂಡರು: "ಹಾಗಾದ್ರೆ ಆ ನಿಯಮ ಯಾಕೆ ಮಾಡಿದ್ದು?" ಈ ಸಲ ಉತ್ತರಕ್ಕೆ ನನ್ನ ಮುಖ ನೋಡಲಿಲ್ಲ.

ನಾನು ನಿವೃತ್ತಳಾಗುವ ಮುಂಚೆ ಇನ್ನೂ ದೊಡ್ಡ ಯಂತ್ರ ಬಂತು. ಚೈತ್ರಾ ಈಗ ಕೆಲಸ ಮಾಡುವುದು ಅಂಥದ್ದರ ಜೊತೆಗೇ. ಅದಕ್ಕೆ ಬುಟ್ಟಿಯೂ ಬೇಡ, ಖಾಲಿ ಮನೆಯೂ ಬೇಡ. ಲೋಕದ ಮಾತನ್ನೆಲ್ಲ ಓದಿಕೊಂಡೇ ಬಂದಿದೆ. ಉಪ್ಪಿಟ್ಟಿನಿಂದ ಮಂಡಿಯವರೆಗೆ ನನಗಿಂತ ತಾಳ್ಮೆಯಿಂದ ನಡೆಯುತ್ತದೆ. ಕೆಲವೊಮ್ಮೆ ಗೊತ್ತಿಲ್ಲದ್ದನ್ನೂ ಗೊತ್ತಿರುವವರ ಧೈರ್ಯದಲ್ಲಿ ಹೇಳುತ್ತದೆ. ಒಮ್ಮೆ ನಮ್ಮಲ್ಲಿ ಇಲ್ಲದ ಹಲ್ಲಿನ ವಿಭಾಗಕ್ಕೆ ಒಬ್ಬರನ್ನು ಮೂರನೇ ಮಹಡಿಗೆ ಕಳಿಸಿತ್ತು. ನಮ್ಮಲ್ಲಿ ಇದ್ದದ್ದೇ ಎರಡು ಮಹಡಿ. ಆದ್ದರಿಂದ ಚೈತ್ರಾ, ಅದು ಎಲ್ಲವನ್ನೂ ಮಾಡಿಕೊಂಡರೂ, ಮೊದಲು ಏನು ಕೇಳಬೇಕು, ಯಾವಾಗ ಸುಮ್ಮನೆ ದಾರಿ ಬಿಡಬೇಕು ಎಂಬುದನ್ನು ಯಾರಾದರೂ ಕೂತು ತೀರ್ಮಾನಿಸಿರುತ್ತಾರೆ. ಆ ಕುರ್ಚಿ ಈಗ ನಿನ್ನದು.

ಒಂದು ಮಾತು ಉಳಿದಿದೆ. ಮರುಪರೀಕ್ಷೆಗೆ ಬಂದ ದಿನ ಮಹಾಂತಪ್ಪನವರು ನಮ್ಮ ಕೋಣೆ ಹುಡುಕಿಕೊಂಡು ಬಂದರು. ಸ್ವಲ್ಪ ಕುಂಟುತ್ತಿದ್ದರು, ಆದರೆ ತಮ್ಮ ಕಾಲ ಮೇಲೆಯೇ ಬಂದರು. ಹೆಂಡತಿ ಗಿರಿಜವ್ವ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಮಹಾಂತಪ್ಪನವರು ನಿವೇದಿತಾಳಿಗೆ ಕೈ ಮುಗಿದು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು: "ಫೋನಿನ್ಯಾಗ ಮಾತಾಡಿದ್ದೆಲ್ಲಾ ನಿಮ್ಮಲ್ಲಿ ಉಳೀತೈತಂತಲ್ರಿ. ನನ್ನ ಹೆಂಡ್ತಿ ಏನೋ ಹೇಳ್ಯಾಳಂತ. ಒಮ್ಮೆ ಕೇಳಸ್ತೀರೇನು?"

ರೆಕಾರ್ಡಿಂಗನ್ನು ಹೊರಗಿನವರಿಗೆ ಕೇಳಿಸುವಂತಿಲ್ಲ ಎಂಬುದು ನಿಯಮ. ನಾನು ಗುರುಪ್ರಸಾದ್ ಸಾರ್ ಕಡೆ ನೋಡಿದೆ. ಅವರು ಎದ್ದು ಕನ್ನಡಕ ಒರೆಸಿಕೊಳ್ಳುತ್ತಾ, "ಇವರು ಹೊರಗಿನವರೋ ಒಳಗಿನವರೋ ಅನ್ನೋದನ್ನ ನಾನು ಟೀ ಕುಡಿದು ಬಂದು ಯೋಚನೆ ಮಾಡ್ತೀನಿ" ಎಂದು ಹೊರಟರು.

ನನ್ನ ಹೆಡ್‌ಫೋನನ್ನೇ ಮಹಾಂತಪ್ಪನವರ ಕಿವಿಗೆ ಹಾಕಿದೆ. ಮೊದಲಿನಿಂದ ಕೇಳಿದರು. "ಅವ್ರು ಅಂಜತಾರಂತ" ಎಂಬಲ್ಲಿ ತಲೆ ತಗ್ಗಿಸಿದರು. ಒಡಪು ಬಂದಾಗ ಅಲುಗಾಡಲಿಲ್ಲ. ಮುಗಿದ ಮೇಲೆ ಹೆಡ್‌ಫೋನನ್ನು ಎರಡೂ ಕೈಯಿಂದ ತೆಗೆದು ನನಗೆ ಕೊಟ್ಟು ಹೇಳಿದರು: "ಮದುವ್ಯಾಗೂ ಇದನ್ನ ಹೇಳಿದ್ಲು. ಆಮ್ಯಾಲ ನನ್ನ ಹೆಸರು ಆಕಿ ಬಾಯಾಗ ನಾ ಕೇಳಿದ್ದಿಲ್ಲ. ಅವತ್ತು ದನಿ ನಡುಗಿತ್ರಿ. ಈ ಸಲ ನಡುಗಿಲ್ಲ, ನೋಡ್ರಿ."

ಹೊರಗೆ ಗಿರಿಜವ್ವ, "ಇಷ್ಟೊತ್ತು ಏನು ಕೇಳಾಕತ್ತಿದ್ರಿ ಒಳಗ?" ಎಂದರು.

"ಏನಿಲ್ಲ. ಗುಳಿಗಿ ಯಾವಾಗ ತಗೋಬೇಕಂತ."

ನಾನು ಬಾಗಿಲವರೆಗೆ ಹೋದೆ. ಅವರು ಇಳಿಜಾರಿನಲ್ಲಿ ಇಳಿಯುತ್ತಿದ್ದರು. ಅದು ಹೊರರೋಗಿಗಳ ಹೊತ್ತು. ಗಂಡಸರು, ಹೆಂಗಸರು, ಗಾಲಿಕುರ್ಚಿ, ತುಂಬಿದ ಜನ. ಗಿರಿಜವ್ವ ಚೀಲ ಹಿಡಿದು ನಾಲ್ಕು ಹೆಜ್ಜೆ ಹಿಂದೆ ಉಳಿದಿದ್ದರು. ಅಲ್ಲಿಂದಲೇ, "ರೀ, ಕಂಬಿ ಹಿಡಕೋರಿ" ಎಂದರು. ಹೆಸರಿಲ್ಲದ ಆ ಮಾತಿಗೆ, ಅಷ್ಟು ಜನ ಗಂಡಸರ ನಡುವೆ, ಅವರೊಬ್ಬರೇ ಕಂಬಿಗೆ ಕೈ ಹಾಕಿದರು.